ಹಳೆಯ ಹಾಯಿದೋಣಿಯ ದುರಸ್ತಿ: ಮೊದಲು ಯಾವುದು, ಆಮೇಲೆ ಯಾವುದು

ಕ್ಯಾಲಿಫೋರ್ನಿಯಾದ ಯಾವ ದೋಣಿಧಕ್ಕೆಗೆ ಹೋದರೂ ನಲವತ್ತು ವರ್ಷ ದಾಟಿದ ಫೈಬರ್‌ಗ್ಲಾಸ್ ಹಾಯಿದೋಣಿಗಳು ಸಾಲಾಗಿ ನಿಂತಿರುತ್ತವೆ. 1970ರ ದಶಕದಿಂದ 2008ರವರೆಗೆ ತಯಾರಾದ ಕ್ಯಾಟಲೀನಾ 30 ಎಂಬ ಮೂವತ್ತು ಅಡಿಯ ಮಾದರಿಯಲ್ಲಿಯೇ ಆರು ಸಾವಿರಕ್ಕೂ ಹೆಚ್ಚು ದೋಣಿಗಳು ನೀರಿಗಿಳಿದಿವೆ. ಅವುಗಳಲ್ಲಿ ಹಲವು ಇಂದು ಹಳೆಯ ಕಾರಿನ ಬೆಲೆಗೆ ಸಿಗುತ್ತವೆ. ಹಳೆಯ ವಿನ್ಯಾಸವೆಂದ ಮಾತ್ರಕ್ಕೆ ಕಳಪೆಯೆಂದು ಭಾವಿಸಬೇಕಾಗಿಲ್ಲ. 1988ಕ್ಕಿಂತ ಹಿಂದೆ ವಿನ್ಯಾಸಗೊಂಡ ದೋಣಿಗಳಿಗಷ್ಟೇ ಪ್ರವೇಶವಿರುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ಒಬ್ಬರೇ ಭೂಮಿಯನ್ನು ಸುತ್ತಿ 2023ರಲ್ಲಿ ಎರಡನೆಯವರಾಗಿ ದಡ ಸೇರಿದ್ದು ಅಂಥದೊಂದು ದೋಣಿಯಲ್ಲಿ, ರಸ್ಲರ್ 36ರಲ್ಲಿ.

ಕಷ್ಟ ಶುರುವಾಗುವುದು ಕೊಂಡ ಮೇಲೆ. ಹೊಸ ಮಾಲೀಕರಲ್ಲಿ ಹೆಚ್ಚಿನವರು ಮೊದಲ ಹಣವನ್ನು ಕಣ್ಣಿಗೆ ಕಾಣುವ ವಸ್ತುವಿಗೆ ಸುರಿಯುತ್ತಾರೆ. ನಾನೂ ಹಾಗೆಯೇ ಮಾಡಿದೆ: ಸಮುದ್ರದ ನಕ್ಷೆಯಲ್ಲಿ ದೋಣಿಯ ಜಾಗ ತೋರಿಸುವ ಒಂಬತ್ತು ಅಂಗುಲದ ಚಾರ್ಟ್‌ಪ್ಲಾಟರ್ ಕೊಂಡು ಕೂರಿಸಿದೆ, ಮೊದಲ ಮಳೆಗೆ ಅದರ ಪರದೆಯ ಮೇಲೆಯೇ ಡೆಕ್ಕಿನ ನೀರು ತೊಟ್ಟಿಕ್ಕಿತು. ಆದ್ದರಿಂದ ಇಲ್ಲಿ ಹೇಳುವ ಕ್ರಮವನ್ನು ತಪ್ಪಿಸಬೇಡಿ. ಕೆಳಗಿನಿಂದ ನೀರು ಒಳಗೆ ಬರಬಾರದು, ಮೇಲೆ ಕೂವೆಮರ (ಹಾಯಿ ಕಟ್ಟುವ ಕಂಬ) ಬೀಳಬಾರದು, ಒಳಗೆ ಬೆಂಕಿ ಹತ್ತಬಾರದು, ಬೇಕಾದಾಗ ಇಂಜಿನ್ ಕೈಕೊಡಬಾರದು. ಈ ನಾಲ್ಕು ಖಚಿತವಾಗುವವರೆಗೆ ಮೆತ್ತೆಯ ಬಟ್ಟೆಯ ಬಣ್ಣದ ವಿಚಾರ ಬೇಡ.

ದೋಣಿಯನ್ನು ನೀರಿನಿಂದ ಮೇಲೆತ್ತಿಸಿದ ದಿನವೇ ತಳದಲ್ಲಿರುವ ತೂತುಗಳನ್ನು ಎಣಿಸಿರಿ. ಶೌಚಾಲಯ, ಅಡುಗೆಯ ತೊಟ್ಟಿ, ಇಂಜಿನ್‌ಗೆ ತಂಪುನೀರು, ಚುಕ್ಕಾಣಿ ಹಿಡಿದು ಕೂರುವ ತಗ್ಗಿನ (ಕಾಕ್‌ಪಿಟ್) ನೀರು ಹೋಗುವ ದಾರಿ ಎಂದು ಏಳೆಂಟಾದರೂ ಇರುತ್ತವೆ. ಪ್ರತಿಯೊಂದಕ್ಕೂ ಒಂದು ಕವಾಟ, ಒಂದು ಕೊಳವೆ ಇರುತ್ತದೆ. ಮನೆಯ ನಲ್ಲಿಯಂತೆ ದುಂಡು ಹಿಡಿಯನ್ನು ತಿರುಗಿಸುವ ಗೇಟ್ ಕವಾಟ ಕಂಡರೆ ಅದನ್ನು ಕಿತ್ತು ಹಾಕಿ, ಏಕೆಂದರೆ ಅದು ತೆರೆದಿದೆಯೋ ಮುಚ್ಚಿದೆಯೋ ನೋಡಿದರೆ ತಿಳಿಯುವುದಿಲ್ಲ, ಒಳಗಿನ ಕಡ್ಡಿ ಸವೆದು ತುಂಡಾದರೂ ಹಿಡಿ ಮಾತ್ರ ತಿರುಗುತ್ತಲೇ ಇರುತ್ತದೆ. ಹಿಡಿಯ ಕಾಲು ಸುತ್ತಿಗೆ ಮುಚ್ಚುವ, ಸೀಕಾಕ್ ಎಂಬ ಕಂಚಿನ ಕವಾಟ ಹಾಕುವುದು ಸರಿಯಾದ ಪರಿಹಾರ. ಲೋಹ ಕಂಚೋ ಹಿತ್ತಾಳೆಯೋ ಎಂಬ ಸಂದೇಹವಿದ್ದರೆ ಚಾಕುವಿನಿಂದ ಸ್ವಲ್ಪ ಕೆರೆದು ನೋಡಿ: ಹಿತ್ತಾಳೆಯಲ್ಲಿರುವ ಸತು ಉಪ್ಪುನೀರಿನಲ್ಲಿ ಕರಗಿ ಹೋದರೆ ಉಳಿದ ತಾಮ್ರ ನಸುಗೆಂಪಾಗಿ ಕಾಣುತ್ತದೆ, ಆಗ ಅದು ಸುತ್ತಿಗೆಯ ಒಂದು ಏಟಿಗೆ ಪುಡಿಯಾಗುವಷ್ಟು ದುರ್ಬಲವಾಗಿರುತ್ತದೆ. ಕವಾಟ ಕೊಳ್ಳುವಾಗ ತಿರುಪಿನ ಸುತ್ತನ್ನೂ (ಥ್ರೆಡ್) ಗಮನಿಸಬೇಕು. ಅಮೆರಿಕದಲ್ಲಿ ತಳದ ಕೊಳವೆಗಳ ತಿರುಪು ನೇರವಾಗಿದ್ದು, ಕೊಳಾಯಿ ಅಂಗಡಿಯ ಕವಾಟಗಳ ತಿರುಪು ಮೊನೆಯಾಗುತ್ತಾ ಹೋಗುತ್ತದೆ. ಎರಡನ್ನು ಜೋಡಿಸಿದರೆ ಬಿಗಿಯಾದಂತೆ ತೋರಿದರೂ ಎರಡು ಮೂರು ಸುತ್ತುಗಳಷ್ಟೇ ಹಿಡಿದಿರುತ್ತವೆ. ಪ್ರತಿ ಸೀಕಾಕಿನ ಪಕ್ಕದಲ್ಲಿ ಅಳತೆಗೆ ಸರಿಯಾದ ಮೆದುಮರದ ಬೆಣೆಯೊಂದನ್ನು, ಕವಾಟ ಮುರಿದರೆ ತೂತಿಗೆ ಬಡಿಯಲೆಂದು, ದಾರದಿಂದ ಕಟ್ಟಿಡಿ.

ತಳದಲ್ಲಿ ಬಣ್ಣದ ಅಡಿ ಕಾಣುವ ಸಣ್ಣ ಗುಳ್ಳೆಗಳಿಗೆ ಗಾಬರಿಯಾಗುವ ಅಗತ್ಯವಿಲ್ಲ; ಅವು ದೋಣಿಯನ್ನು ಮುಳುಗಿಸುವುದು ಅಪರೂಪ. ದೋಣಿಯ ಅಡಿಯಲ್ಲಿ ಇಳಿದಿರುವ ಭಾರದ ರೆಕ್ಕೆಯಾದ ಕೀಲ್ ತಳಕ್ಕೆ ಸೇರುವ ಗೆರೆಯಲ್ಲಿ ಕೂದಲೆಳೆಯ ಬಿರುಕಿದ್ದರೆ ಅದು ತುಂಬಿದ ಅಂಟಿನದಿರಬಹುದು, ಆದರೆ ಅಲ್ಲಿಂದ ತುಕ್ಕಿನ ನೀರು ದಿನಗಟ್ಟಲೆ ಒಸರುತ್ತಿದ್ದರೆ ಒಳಗಿನ ಬೋಲ್ಟುಗಳನ್ನು ತಿಳಿದವರಿಂದ ಪರೀಕ್ಷಿಸಿಯೇ ಮುಂದುವರಿಯಬೇಕು. ಉಳಿದ ಲೋಹಗಳ ಬದಲು ತಾನು ಕರಗಿ ಅವನ್ನು ಕಾಯುವ ಸತುವಿನ ತುಂಡು (ಆನೋಡ್) ಅರ್ಧ ಕರಗಿದ್ದರೆ ಬದಲಿಸಿ.

ನನ್ನ ಅನುಭವದಲ್ಲಿ ಹಳೆಯ ದೋಣಿಯ ನಿಜವಾದ ರೋಗ ತಳದಲ್ಲಿಲ್ಲ, ಡೆಕ್ಕಿನಲ್ಲಿದೆ. ಹಗುರವಾಗಿಯೂ ಗಟ್ಟಿಯಾಗಿಯೂ ಇರಲೆಂದು ಡೆಕ್ಕನ್ನು ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟು ಮಾಡಿರುತ್ತಾರೆ. ಕಂಬಿ, ರಾಟೆ, ವಿಂಚ್ ಕೂರಿಸಲು ಕೊರೆದ ನೂರಾರು ತೂತುಗಳಲ್ಲಿ ಯಾವುದಾದರೊಂದರ ಅಂಟು ಒಣಗಿದರೆ ನೀರು ಆ ಮರಕ್ಕೆ ಇಳಿಯುತ್ತದೆ. ಮಂಗಳೂರಿನ ಮರದ ಮಂಜಿಯಾಗಿದ್ದರೆ ಕೊಳೆತ ಹಲಗೆ ಕಣ್ಣಿಗೇ ಬೀಳುತ್ತಿತ್ತು. ಇಲ್ಲಿ ಹೊರಗಿನ ಹೊಳಪು ಹಾಗೆಯೇ ಇದ್ದು ಒಳಗೆ ಮರ ಕೆಸರಾಗಿರುತ್ತದೆ. ಪತ್ತೆಗೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಎನ್ನುವ ಸದ್ದು ಕೆಟ್ಟ ಜಾಗದಲ್ಲಿ ದಪ್ ಎಂದು ಮಂಕಾಗುತ್ತದೆ. ಆ ಜಾಗವನ್ನು ಸೀಮೆಸುಣ್ಣದಿಂದ ಸುತ್ತಿ ಗುರುತಿಸಿ.

ಕೊಳೆತ ಭಾಗ ಅಂಗೈಗಿಂತ ದೊಡ್ಡದಾಗಿದ್ದರೆ ಮೇಲಿನ ಪದರವನ್ನು ಕತ್ತರಿಸಿ ಮರವನ್ನೇ ಬದಲಿಸಬೇಕಾಗುತ್ತದೆ. ಅದು ಬೇಸಿಗೆಯ ಕೆಲವು ವಾರಾಂತ್ಯಗಳ ಕೆಲಸ. ಮರ ಇನ್ನೂ ಒಣಗಿದ್ದರೆ ಮುಂದಿನ ಕೊಳೆತವನ್ನು ತಡೆಯುವುದು ಸುಲಭ. ಆರು ಮಿಲಿಮೀಟರಿನ ಬೋಲ್ಟಿಗೆ ಹನ್ನೆರಡು ಮಿಲಿಮೀಟರಿನ ತೂತನ್ನು ಮೇಲಿನ ಪದರ ಮತ್ತು ಮರದವರೆಗೆ ಮಾತ್ರ ಕೊರೆದು, ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ಸುತ್ತಲಿನ ಮರವನ್ನು ಇನ್ನಷ್ಟು ತೆಗೆದು, ಕೆಳಗೆ ಟೇಪು ಅಂಟಿಸಿ, ಮೊದಲು ಎಪಾಕ್ಸಿ ಎಂಬ ರಾಳದ ಅಂಟನ್ನು ತೆಳುವಾಗಿ ಬಳಿದು ಒದ್ದೆ ಮಾಡಿ, ಆಮೇಲೆ ಸಿಲಿಕಾ ಪುಡಿ ಬೆರೆಸಿ ಗಟ್ಟಿಯಾಗಿಸಿದ ಎಪಾಕ್ಸಿಯನ್ನು ತುಂಬಬೇಕು. ಅದು ಕಲ್ಲಾದ ಮೇಲೆ ನಡುವೆ ಆರು ಮಿಲಿಮೀಟರಿನ ಹೊಸ ತೂತು ಕೊರೆದರೆ, ಮುಂದೆ ಅಂಟು ಸೋತರೂ ನೀರು ಮರವನ್ನು ಮುಟ್ಟುವುದಿಲ್ಲ. ಸಾಮಾನು ಕೂರಿಸಲು ನಾನು ಬ್ಯೂಟೈಲ್ ಟೇಪನ್ನು (ಮೆತ್ತಗಿರುವ ಜಿಗುಟು ರಬ್ಬರ್ ಪಟ್ಟಿ) ಬಳಸುತ್ತೇನೆ: ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿ, ಬೋಲ್ಟಿನ ತಲೆಯನ್ನು ಅಲುಗಾಡದಂತೆ ಹಿಡಿದು ಒಳಗಿನ ನಟ್ಟನ್ನು ಮಾತ್ರ ತಿರುಗಿಸಿ, ಎರಡು ಮೂರು ದಿನ ದಿನಕ್ಕಿಷ್ಟರಂತೆ ಬಿಗಿ ಮಾಡಬೇಕು. ಸಿಲಿಕೋನ್ ಮಾತ್ರ ಬೇಡ; ಅದು ಬಿಟ್ಟುಹೋದ ಜಾಗದಲ್ಲಿ ಮತ್ತೆ ಯಾವ ಅಂಟೂ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ.

ಕೂವೆಮರವನ್ನು ಹಿಡಿದಿಟ್ಟ ಉಕ್ಕಿನ ತಂತಿಗಳಿಗೆ ಹತ್ತರಿಂದ ಹದಿನೈದು ವರ್ಷದ ಆಯುಷ್ಯವೆಂದು ಲೆಕ್ಕ. ಹಿಂದಿನ ಮಾಲೀಕರ ಬಳಿ ರಸೀದಿ ಇಲ್ಲದಿದ್ದರೆ ಅವು ಹಳೆಯವೆಂದೇ ಭಾವಿಸಿ ಬದಲಿಸಿರಿ; ಹಲವು ವಿಮಾ ಕಂಪನಿಗಳೂ ಇದನ್ನೇ ಕೇಳುತ್ತವೆ. ತಂತಿ ಬದಲಿಸಿ ಚೈನ್‌ಪ್ಲೇಟುಗಳನ್ನು ಬಿಟ್ಟರೆ ಕೆಲಸ ಅರ್ಧವಾದಂತೆ. ತಂತಿಯ ಎಳೆತವನ್ನೆಲ್ಲ ಹೊರುವ ಈ ಪಟ್ಟಿಗಳು ಡೆಕ್ಕನ್ನು ದಾಟುವ ಒಂದೆರಡು ಅಂಗುಲದಲ್ಲಿ ಸದಾ ತೇವವಾಗಿದ್ದು, ಗಾಳಿ ತಾಗದ ಕಾರಣ ಸ್ಟೇನ್‌ಲೆಸ್ ಉಕ್ಕಿನ ರಕ್ಷಾಪದರ ಅಲ್ಲಿ ಉಳಿಯದೆ ಒಳಗಿಂದೊಳಗೇ ತುಕ್ಕು ಸೀಳುತ್ತದೆ. ಹೊರಗೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಕಳಚಿ, ಉಜ್ಜಿ, ಬಿರುಕು ತೋರಿಸುವ ಬಣ್ಣದ್ರಾವಣದ ಪರೀಕ್ಷೆ ಮಾಡಿ. ಕೆಂಪು ಗೆರೆ ಮೂಡಿದರೆ ಹೊಸದನ್ನು ಮಾಡಿಸಿ.

ಬೆಂಕಿಯ ಮೂಲಗಳು ಎರಡು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ದೋಣಿಯ ತಳದಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಸಿಲಿಂಡರನ್ನು ಒಳಗಿಡದೆ, ಹೊರಗೆ ಗಾಳಿದಾರಿಯಿರುವ ಪ್ರತ್ಯೇಕ ಪೆಟ್ಟಿಗೆಯಲ್ಲಿಡಬೇಕು. ಎರಡನೆಯದು ವೈರಿಂಗ್. ನಾಲ್ಕು ಜನ ಮಾಲೀಕರು ತಮಗೆ ತೋಚಿದಂತೆ ಸೇರಿಸಿದ ವೈರುಗಳಲ್ಲಿ ಎರಡೂ ತುದಿ ತಿಳಿಯದವನ್ನೆಲ್ಲ ಕಿತ್ತು ಹಾಕಿ, ತವರ ಲೇಪಿಸಿದ ತಾಮ್ರದ ವೈರನ್ನೇ ಎಳೆಯಿರಿ. ದೋಣಿಗಳ ಮಾನದಂಡ ರೂಪಿಸುವ ಅಮೆರಿಕದ ಎಬಿವೈಸಿ ಸಂಸ್ಥೆಯ ಸಾಮಾನ್ಯ ನಿಯಮದಂತೆ ಬ್ಯಾಟರಿಯಿಂದ ಏಳು ಅಂಗುಲದೊಳಗೆ ಫ್ಯೂಸ್ ಇರಬೇಕು.

ವಿದ್ಯುತ್ತನ್ನು ಹೆಚ್ಚಿಸುವ ಮೊದಲು ಖರ್ಚನ್ನು ಇಳಿಸುವುದು ಅಗ್ಗ. ಲಂಗರು ಹಾಕಿದಾಗ ಉರಿಯುವ ಹತ್ತು ವ್ಯಾಟಿನ ಹಳೆಯ ಬಲ್ಬು ಹನ್ನೆರಡು ಗಂಟೆಯಲ್ಲಿ ಹತ್ತು ಆಂಪಿಯರ್-ಗಂಟೆ ನುಂಗುತ್ತದೆ. ಎರಡು ವ್ಯಾಟಿನ ಎಲ್‌ಇಡಿಗೆ ಎರಡೇ ಸಾಕು. ಲಿಥಿಯಂ ಬ್ಯಾಟರಿಯ ಆಸೆ ಇದ್ದರೆ ಒಂದು ಎಚ್ಚರಿಕೆ: ಅದು ಕೊಟ್ಟಷ್ಟೂ ವಿದ್ಯುತ್ತನ್ನು ಎಳೆದುಕೊಳ್ಳುವುದರಿಂದ ಇಂಜಿನ್ನಿನ ಬಲದಿಂದ ವಿದ್ಯುತ್ ಮಾಡುವ ಹಳೆಯ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ನಡುವೆ ಆ ಹರಿವನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಹಾಕದೆ ಜೋಡಿಸಬಾರದು.

ಡೀಸೆಲ್ ಇಂಜಿನ್ ಬೇಡುವುದು ಶುದ್ಧ ಎಣ್ಣೆ, ಶುದ್ಧ ಇಂಧನ, ತಂಪುನೀರು. ತಂಪುನೀರಿನ ಪಂಪಿನೊಳಗಿನ ರಬ್ಬರಿನ ರೆಕ್ಕೆಚಕ್ರವನ್ನು (ಇಂಪೆಲ್ಲರ್) ವರ್ಷಕ್ಕೊಮ್ಮೆ ಬದಲಿಸಿ, ಒಂದು ರೆಕ್ಕೆ ಮುರಿದು ಕಾಣೆಯಾಗಿದ್ದರೆ ಅದು ಸಿಗುವವರೆಗೂ ಕೊಳವೆಯಲ್ಲಿ ಹುಡುಕಿ. ಹೊಗೆಯೂ ನೀರೂ ಸೇರುವ ಎಕ್ಸಾಸ್ಟ್ ಮೊಣಕೈಯನ್ನು ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಮಸಿ ಕಟ್ಟಿದೆಯೇ ನೋಡಿ. ಇಂಜಿನ್ ಸೋತಿದೆಯೆಂದು ಅನಿಸಿದ ಎಷ್ಟೋ ದೋಣಿಗಳಲ್ಲಿ ಕಟ್ಟಿಕೊಂಡಿರುವುದು ಇದೇ.

ಎಲ್ಲವನ್ನೂ ಒಮ್ಮೆಗೇ ಬಿಚ್ಚಿ ಹರಡಬೇಡಿ. ಹಾಗೆ ಹರಡಿದ ದೋಣಿಗಳು ಅಂಗಳದಲ್ಲಿ ವರ್ಷಗಟ್ಟಲೆ ನಿಂತಿರುವುದನ್ನು ನೋಡಿದ್ದೇನೆ. ಒಂದು ಕೆಲಸ ಮುಗಿಸಿ, ಹಾಯಿ ಬಿಚ್ಚಿ ಒಂದು ದಿನ ಹೋಗಿಬಂದು, ಮುಂದಿನದನ್ನು ಹಿಡಿಯಿರಿ. ಇದಕ್ಕೆ ವಿನಾಯಿತಿ ಕೂವೆಮರ ಮಾತ್ರ: ತಂತಿಗಾಗಿ ಅದನ್ನು ಕ್ರೇನಿನಿಂದ ಇಳಿಸಿದಾಗಲೇ ತುದಿಯ ದೀಪ, ರೇಡಿಯೋ ಆಂಟೆನಾ ಮತ್ತು ಅದರ ಕೇಬಲ್, ಹಾಯಿ ಏರಿಸುವ ಹಗ್ಗದ ರಾಟೆ ಇವನ್ನೆಲ್ಲ ಬದಲಿಸಿಬಿಡಿ, ಕ್ರೇನಿನ ಬಾಡಿಗೆಯನ್ನು ಎರಡು ಸಲ ಕೊಡುವುದು ತಪ್ಪುತ್ತದೆ.