ಗರಿ ಕಾಕ್, ಪ್ಲಾಸ್ಟಿಕ್ ಕಾಕ್ ಮತ್ತು ಫೋನಿನ ಸ್ಲೋ ಮೋಷನ್

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಶಟಲ್ (ಬ್ಯಾಡ್ಮಿಂಟನ್) ಆಡುವವರಲ್ಲಿ ಒಂದು ಜಗಳ ಮುಗಿಯುವುದೇ ಇಲ್ಲ. ಗರಿ ಕಾಕ್ ಬೇಗ ಹಾಳಾಗುತ್ತದೆ, ದುಡ್ಡು ಜಾಸ್ತಿ. ಪ್ಲಾಸ್ಟಿಕ್ ಕಾಕ್ ಬಾಳಿಕೆ ಬರುತ್ತದೆ, ಆದರೆ ಜೋರಾಗಿ ಹೊಡೆದರೆ ಹಿಂದಿನ ಗೆರೆ ದಾಟಿ ಅಡಿಕೆ ತೋಟಕ್ಕೇ ಹೋಗುತ್ತದೆ. ಭಾರದ ವ್ಯತ್ಯಾಸ ಎಂದು ನಮ್ಮ ತಂಡದ ಅರ್ಧ ಜನ ಹೇಳುತ್ತಿದ್ದರು. ತೂಗಿ ನೋಡಿದೆ. ನಿಯಮದ ಪ್ರಕಾರ ಗರಿ ಕಾಕ್ 4.74ರಿಂದ 5.50 ಗ್ರಾಂ ಇರಬೇಕು. ನಮ್ಮ ಪ್ಲಾಸ್ಟಿಕ್ ಕಾಕ್ ಕೂಡ ಅದರೊಳಗೇ ಇತ್ತು. ಹಾಗಾದರೆ ಕಾರಣ ಗಾಳಿಯಲ್ಲಿ ಹುಡುಕಬೇಕು. ಅದಕ್ಕೆ ಫೋನು ಹಿಡಿದೆ.

ಹೈ ಸ್ಪೀಡ್ ಕ್ಯಾಮೆರಾ ಎಂದರೆ ಲಕ್ಷಗಟ್ಟಲೆ ಬೆಲೆಯ ಯಂತ್ರವೇ ಬೇಕು ಅಂತೇನಿಲ್ಲ. ಸೆಕೆಂಡಿಗೆ 240 ಫ್ರೇಮ್, ಅಂದರೆ 240 ಬಿಡಿ ಚಿತ್ರ, ಹಿಡಿಯುವ ಫೋನು ಸಾಕು. ಕೆಲವು ಫೋನುಗಳು 960 ಎಂದು ಬರೆದುಕೊಳ್ಳುತ್ತವೆ. ಅದರಲ್ಲಿ ನಡುವಿನ ಚಿತ್ರಗಳನ್ನು ಸಾಫ್ಟ್‌ವೇರೇ ಊಹಿಸಿ ತುಂಬಿರುವುದುಂಟು. ನೋಡಲು ಚೆಂದ, ಅಳೆಯಲು ಆಗದು. ನಿಮ್ಮ ಫೋನಿನ 240 ನಿಜವೋ ಎಂದು ತಿಳಿಯಲು ಎರಡು ಮೀಟರ್ ಎತ್ತರದಿಂದ ಕ್ರಿಕೆಟ್ ಚೆಂಡು ಬಿಟ್ಟು ಶೂಟ್ ಮಾಡಿ. ನೆಲ ಮುಟ್ಟಲು ಸುಮಾರು 0.64 ಸೆಕೆಂಡ್ ಬೇಕು, ಅಂದರೆ 153 ಫ್ರೇಮ್. ಅದರ ಹತ್ತಿರ ಬಂದರೆ ಫೋನನ್ನು ನಂಬಬಹುದು.

ನಿಜವಾದ ತಲೆನೋವು ಕ್ಯಾಮೆರಾ ಅಲ್ಲ, ಬೆಳಕು. ಗಂಟೆಗೆ 180 ಕಿ.ಮೀ. ವೇಗದ ಕಾಕ್ ಒಂದು ಫ್ರೇಮಿನ ಅವಧಿಯಲ್ಲಿ 20 ಸೆಂಟಿಮೀಟರ್‌ಗಿಂತ ಹೆಚ್ಚು ದೂರ ಓಡಿರುತ್ತದೆ. ಶಟರ್ ಅಷ್ಟೂ ಹೊತ್ತು ತೆರೆದಿದ್ದರೆ ಚಿತ್ರ ಅಷ್ಟುದ್ದ ಮಸುಕಾಗುತ್ತದೆ. ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿದರೆ ಆ ಮಸುಕು ಎರಡೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಅಷ್ಟಕ್ಕೆ ಟ್ಯೂಬ್‌ಲೈಟ್ ಸಾಲದು, ಬಿಸಿಲೇ ಬೇಕು. ಅಡಿಕೆ ಒಣಗಿಸುವ ಅಂಗಳದಲ್ಲಿ ಅದಕ್ಕೇನು ಬರ! ಬಿಳಿ ಕಾಕ್ ಆಕಾಶದ ಎದುರು ಕಾಣುವುದಿಲ್ಲ. ಗಾರೆ ಮಾಡದ ಮುರಕಲ್ಲಿನ ಗೋಡೆ ಹಿಂದೆ ಇದ್ದರೆ ಒಂದೊಂದು ಗರಿಯೂ ಕಾಣುತ್ತದೆ. ಕಾಕ್ ಹಾರುವ ಗೆರೆಯಲ್ಲೇ ಒಂದು ಮೀಟರ್ ಕೋಲು ನಿಲ್ಲಿಸಿ ಮೊದಲು ಅದನ್ನು ಶೂಟ್ ಮಾಡಿದೆ. ಕೋಲನ್ನು ಗೋಡೆಗೆ ಒರಗಿಸಿದರೆ ಅಳತೆಯೆಲ್ಲ ತಪ್ಪುತ್ತದೆ, ಯಾಕೆಂದರೆ ಗೋಡೆ ಇನ್ನೂ ದೂರದಲ್ಲಿದೆ. ಫೋನನ್ನು ಸ್ಟ್ಯಾಂಡಿನ ಮೇಲೆ ದೂರ ಇಟ್ಟು, ಫೋಕಸ್ ಮತ್ತು ಬೆಳಕು ಎರಡನ್ನೂ ಲಾಕ್ ಮಾಡಿದೆ. ವಿಡಿಯೊವನ್ನು ಟ್ರ್ಯಾಕರ್ ಎಂಬ ಉಚಿತ ತಂತ್ರಾಂಶಕ್ಕೆ ಹಾಕಿ, ಒಂದೊಂದು ಫ್ರೇಮಿನಲ್ಲೂ ಕಾಕಿನ ಗುಂಡಗಿನ ತುದಿಯ, ಅಂದರೆ ಕಾರ್ಕಿನ, ಮೇಲೆ ಕ್ಲಿಕ್ ಮಾಡುತ್ತ ಹೋದೆ. ಬೇಸರದ ಕೆಲಸ, ಸುಳ್ಳು ಹೇಳುವುದಿಲ್ಲ.

ಮೊದಲು ಹೊಡೆಯದೆ ಸುಮ್ನೆ ಬೀಳಿಸಿದೆ. ಮನೆಯ ತಾರಸಿಯಿಂದ, ಸುಮಾರು ಏಳು ಮೀಟರ್ ಎತ್ತರ, ಗಾಳಿ ಇಲ್ಲದ ಬೆಳಗ್ಗೆ. ಕೊನೆಯ ಒಂದು ಮೀಟರ್ ಮಾತ್ರ ಶೂಟ್ ಮಾಡಿದರೆ ಸಾಕು. ಅಷ್ಟು ಹೊತ್ತಿಗೆ ಕಾಕಿನ ವೇಗ ಏರುವುದು ಹೆಚ್ಚುಕಡಿಮೆ ನಿಂತಿರುತ್ತದೆ. ಸೆಕೆಂಡಿಗೆ ಆರೂವರೆ, ಏಳು ಮೀಟರ್ ಆಸುಪಾಸು ಬಂತು. ಈ ಒಂದು ಸಂಖ್ಯೆಯಿಂದ ತುಂಬ ತಿಳಿಯುತ್ತದೆ. ಅದರ ವರ್ಗವನ್ನು ಗುರುತ್ವದ 9.8ರಿಂದ ಭಾಗಿಸಿ, ಬಂದದ್ದನ್ನು 0.7ರಿಂದ ಗುಣಿಸಿ. ಮೂರು, ಮೂರೂವರೆ ಮೀಟರ್ ಬರುತ್ತದೆ. ಹೊಡೆದ ಕಾಕ್ ಅಷ್ಟು ದೂರ ಹೋಗುವಷ್ಟರಲ್ಲಿ ವೇಗದ ಅರ್ಧ ಕಳೆದುಕೊಂಡಿರುತ್ತದೆ! 2023ರಲ್ಲಿ ಜಪಾನಿನಲ್ಲಿ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಹೊಡೆದ ಗಂಟೆಗೆ 565 ಕಿ.ಮೀ. ಸ್ಮ್ಯಾಶ್ ಗಿನ್ನೆಸ್ ದಾಖಲೆ. ಅದು ರಾಕೆಟ್ ಬಿಡುವ ಕ್ಷಣದ ವೇಗ. ಎದುರಾಳಿಯ ಹತ್ತಿರ ಬರುವಾಗ ಅದರ ಸಣ್ಣ ಪಾಲು ಮಾತ್ರ ಉಳಿದಿರುತ್ತದೆ. ನಮ್ಮ ಹುಡುಗರು ನಂಬಲಿಲ್ಲ, ಲೆಕ್ಕ ತೋರಿಸಬೇಕಾಯಿತು.

ಬೀಳುವಾಗ ಎರಡು ಕಾಕ್‌ಗಳ ನಡುವೆ ದೊಡ್ಡ ಅಂತರ ಕಾಣಲಿಲ್ಲ. ಹೊಡೆದಾಗ ಕಂಡಿತು. ಹೊಡೆತದ ಮರುಕ್ಷಣ ಕಾಕ್ ಗರಿ ಮುಂದಾಗಿ ಹೊರಡುತ್ತದೆ, ಆಮೇಲೆ ಐದಾರು ಫ್ರೇಮಿನಲ್ಲಿ ಲಾಗ ಹಾಕಿ ಕಾರ್ಕ್ ಮುಂದಾಗುತ್ತದೆ. ಗರಿ ಕಾಕ್ ಹೀಗೆ ತಿರುಗಿದ ಮೇಲೂ ಆಕಾರ ಬಿಡುವುದಿಲ್ಲ. ಪ್ಲಾಸ್ಟಿಕ್ ಕಾಕಿನ ಲಂಗ, ಅಂದರೆ ಗರಿಯ ಜಾಗದಲ್ಲಿರುವ ಹರಡಿದ ಭಾಗ, ಜೋರು ಹೊಡೆತಕ್ಕೆ ಒಳಕ್ಕೆ ಕುಗ್ಗುತ್ತದೆ, ಗಾಳಿಗೆ ಮಡಚಿಕೊಂಡ ಕೊಡೆಯ ಹಾಗೆ. ಬಾಯಿ ಕಿರಿದಾದರೆ ಗಾಳಿಯ ತಡೆ ಕಡಿಮೆ, ಕಾಕ್ ಹೆಚ್ಚು ದೂರ ಓಡುತ್ತದೆ. ಮೆಲ್ಲಗೆ ತಟ್ಟಿದಾಗ ಕುಗ್ಗುವುದಿಲ್ಲ. ಆದ್ದರಿಂದ ನೆಟ್ಟಿನ ಹತ್ತಿರ ಮೆಲ್ಲಗೆ ಬೀಳಿಸುವ ಡ್ರಾಪ್ ಶಾಟ್ ಆಡುವಾಗ ಪ್ಲಾಸ್ಟಿಕ್ ಹೆಚ್ಚುಕಡಿಮೆ ಗರಿಯ ಹಾಗೇ ವರ್ತಿಸುತ್ತದೆ.

ರಾಕೆಟ್ಟಿನ ತಂತಿ ಕಾಕನ್ನು ಮುಟ್ಟುವ ಗಳಿಗೆಯನ್ನು ನೋಡುವ ಆಸೆ ನನಗಿತ್ತು. ಆ ಸ್ಪರ್ಶ ಕೆಲವೇ ಮಿಲಿಸೆಕೆಂಡ್, ನಮ್ಮ ಒಂದು ಫ್ರೇಮೇ ನಾಲ್ಕು ಮಿಲಿಸೆಕೆಂಡ್. ತಂತಿ ಬಿಗಿ ಎಷ್ಟಿರಬೇಕು ಎಂಬ ಚರ್ಚೆಗೆ ಈ ಫೋನಿನಿಂದ ಉತ್ತರ ಸಿಗದು.

ಮಳೆಗಾಲದಲ್ಲಿ ಶೆಡ್ಡಿನೊಳಗೆ ಶೂಟ್ ಮಾಡುವವರಿಗೆ ಒಂದು ಮಾತು. ಕರೆಂಟಿನ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ವಿಡಿಯೊದಲ್ಲಿ ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಕಪ್ಪಗೆ ಬರುತ್ತದೆ. ನಾವು 12 ವೋಲ್ಟ್ ಬ್ಯಾಟರಿಗೆ ಎಲ್‌ಇಡಿ ಪಟ್ಟಿ ನೇರವಾಗಿ ಕೊಟ್ಟೆವು, ಮಿನುಗು ಹೋಯಿತು. ಈಗ ನಮ್ಮಲ್ಲಿ ಡ್ರಾಪ್, ನೆಟ್ ಆಟದ ಅಭ್ಯಾಸಕ್ಕೆ ಪ್ಲಾಸ್ಟಿಕ್. ಸ್ಮ್ಯಾಶ್ ಮತ್ತು ಎತ್ತರಕ್ಕೆ ಹೊಡೆದು ಹಿಂದಿನ ಗೆರೆಗೆ ಕಳಿಸುವ ಉದ್ದದ ಕ್ಲಿಯರ್ ಕಲಿಯುವ ದಿನ ಮಾತ್ರ ಗರಿ ಕಾಕ್ ಡಬ್ಬಿ ತೆರೆಯುತ್ತೇವೆ.