ವಾಕಿಂಗ್ ಮಾಡಿದರೂ ತೂಕ ಇಳಿಯದಿದ್ದರೆ ಎಣ್ಣೆ, ಕಾಯಿ ಅಳೆದು ನೋಡಿ

ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ದಿನಾ ವಾಕಿಂಗ್, ಮೊಬೈಲಿನಲ್ಲಿ ಕ್ಯಾಲೊರಿ ಲೆಕ್ಕ, ಆದರೂ ತೂಕ ಇಳಿಯುತ್ತಿಲ್ಲ ಅನ್ನುವವರು ಒಮ್ಮೆ ಅಡುಗೆಮನೆ ನೋಡಿ. ನಮ್ಮ ಕಡೆ ಲೆಕ್ಕ ತಪ್ಪುವುದು ಹೆಚ್ಚಾಗಿ ಎಣ್ಣೆ ಮತ್ತು ಕಾಯಿಯಲ್ಲಿ. ಒಂದು ದೊಡ್ಡ ಚಮಚ ತೆಂಗಿನೆಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ಒಗ್ಗರಣೆಗೆ ಬಾಟಲಿಯಿಂದಲೇ ಸುರಿದರೆ ಎರಡು ಚಮಚ ಹೋದದ್ದೇ ಗೊತ್ತಾಗುವುದಿಲ್ಲ. ಅರ್ಧ ಗಂಟೆ ನಡೆದದ್ದೆಲ್ಲ ಅಲ್ಲೇ ಹೋಯಿತು. 100 ಗ್ರಾಂ ಕಾಯಿತುರಿಯಲ್ಲಿ ಸುಮಾರು 350. ಹಾಗಂತ ಕಾಯಿ ಬಿಡಬೇಡಿ, ಕಾಯಿ ಇಲ್ಲದೆ ಗಸಿ ಆಗುವುದುಂಟಾ? ಅರೆಯುವ ಮೊದಲು ತೂಗಿ, ಅಷ್ಟೆ. ತಿಂಗಳಿಗೆ ಮನೆಗೆ ಬರುವ ಎಣ್ಣೆಯನ್ನು ಉಣ್ಣುವವರ ಸಂಖ್ಯೆಯಿಂದ ಭಾಗಿಸಿಯೂ ನೋಡಿ. ಇದೆಲ್ಲ ಸರಿಯಿದ್ದು, ಜೊತೆಗೆ ಸುಸ್ತು, ಮುಟ್ಟಿನ ಏರುಪೇರು ಇದ್ದರೆ ತಡಮಾಡದೆ ಡಾಕ್ಟರ ಹತ್ತಿರ ಥೈರಾಯ್ಡ್ ಟೆಸ್ಟ್ ಬಗ್ಗೆ ಕೇಳಿ.