ಬೀಗವಿಲ್ಲದ ಕೇಬಲ್ ಚಾನೆಲ್‌ಗಳು: ಟ್ಯೂನರ್ ಹಾಕಿಕೊಂಡ ನನ್ನ ಅನುಭವ

ನ್ಯೂಜೆರ್ಸಿಯ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಬಾಡಿಗೆಯ ಜೊತೆಗೇ ಕೇಬಲ್ ಬರುತ್ತದೆ. ಕಟ್ಟಡದವರೇ ನೆಲಮಾಳಿಗೆಯಲ್ಲಿ ಸಣ್ಣ ಹೆಡ್‌ಎಂಡ್ (ಚಾನೆಲ್‌ಗಳನ್ನು ಒಟ್ಟುಗೂಡಿಸಿ ಕೇಬಲ್‌ಗೆ ಬಿಡುವ ಉಪಕರಣ) ಇಟ್ಟುಕೊಂಡು ಮನೆಮನೆಗೂ ಸಿಗ್ನಲ್ ಹಂಚುತ್ತಾರೆ. ಬಹುಪಾಲು ಚಾನೆಲ್‌ಗಳಿಗೆ ಎನ್‌ಕ್ರಿಪ್ಷನ್, ಅಂದರೆ ಸಿಗ್ನಲ್‌ಗೆ ಹಾಕುವ ಬೀಗ, ಇಲ್ಲ. ಇದನ್ನು ಇಲ್ಲಿ ಕ್ಲಿಯರ್ ಕ್ವಾಮ್ ಅನ್ನುತ್ತಾರೆ (ಕ್ವಾಮ್ ಅಂದರೆ ಡಿಜಿಟಲ್ ಕೇಬಲ್ ಸಿಗ್ನಲ್ ಕಳಿಸುವ ವಿಧಾನ). ದೊಡ್ಡ ಕೇಬಲ್ ಕಂಪನಿಗಳ ಲೈನಿನಲ್ಲಿ ಇದನ್ನು ಹುಡುಕಬೇಡಿ. ಪೂರ್ತಿ ಡಿಜಿಟಲ್ ಆದ ಕಂಪನಿಗಳು ಬೇಸಿಕ್ ಚಾನೆಲ್‌ಗಳಿಗೂ ಬೀಗ ಹಾಕಬಹುದು ಎಂದು ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2012ರಲ್ಲೇ ಒಪ್ಪಿಕೊಂಡಿತು. ನಮ್ಮಂಥ ಕಟ್ಟಡಗಳು, ಹೋಟೆಲ್‌ಗಳು, ಕಾಲೇಜು ಹಾಸ್ಟೆಲ್‌ಗಳಲ್ಲಿ ಕ್ಲಿಯರ್ ಕ್ವಾಮ್ ಅಲ್ಲಲ್ಲಿ ಉಳಿದುಕೊಂಡಿದೆ.

ಕೇಬಲ್ ಪಾಯಿಂಟ್ ಇರುವುದು ಹಾಲ್‌ನಲ್ಲಿ ಮಾತ್ರ. ನನಗೆ ಬೇಕಿದ್ದದ್ದು ಎಲ್ಲ ಕೋಣೆಯಲ್ಲೂ ಟಿವಿ, ಜೊತೆಗೆ ರೆಕಾರ್ಡಿಂಗ್. ಅದಕ್ಕೆ ಎಚ್‌ಡಿಹೋಮ್‌ರನ್ ಅನ್ನೋ ನೆಟ್‌ವರ್ಕ್ ಟ್ಯೂನರ್ ತಂದೆ, ಅಂದರೆ ಟಿವಿ ಸಿಗ್ನಲ್ ಹಿಡಿದು ಮನೆಯ ನೆಟ್‌ವರ್ಕ್‌ಗೆ ಬಿಡುವ ಡಬ್ಬಿ. ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಇಲ್ಲಿ ಸಿಗ್ನಲ್ ಕಳಿಸುವ ವಿಧಾನ ಬೇರೆ ಬೇರೆ: ಆಂಟೆನಾ ಸಿಗ್ನಲ್ 8ವಿಎಸ್‌ಬಿ, ಕೇಬಲ್ ಸಿಗ್ನಲ್ 256 ಕ್ವಾಮ್. ಬರೀ ಆಂಟೆನಾಗೆ ಮಾಡಿದ ಟ್ಯೂನರ್ ತಂದರೆ ಕೇಬಲ್‌ನಿಂದ ಏನೂ ಬರುವುದಿಲ್ಲ.

ಜೋಡಿಸುವುದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಗೋಡೆಯಿಂದ ಕೋಆಕ್ಸ್ ವೈರ್ (ಕೇಬಲ್ ಟಿವಿಯ ದುಂಡನೆಯ ವೈರ್) ಟ್ಯೂನರ್‌ಗೆ, ಟ್ಯೂನರ್‌ನಿಂದ ಈಥರ್‌ನೆಟ್ ರೌಟರ್‌ಗೆ. ಆಮೇಲೆ ಬ್ರೌಸರ್‌ನಲ್ಲಿ ಅದರ ಪುಟ ತೆರೆದು, ಮೂಲ 'ಕೇಬಲ್' ಎಂದು ಆರಿಸಿ ಸ್ಕ್ಯಾನ್ ಕೊಟ್ಟೆ.

ಕೆಲಸ ಶುರುವಾಗಿದ್ದು ಅಲ್ಲಿಂದ. ಆಂಟೆನಾದಲ್ಲಾದರೆ 4.1 ಅಂದರೆ ಎನ್‌ಬಿಸಿ, 7.1 ಅಂದರೆ ಎಬಿಸಿ, ಹೆಸರು ತಾನಾಗಿಯೇ ಬರುತ್ತದೆ. ನಮ್ಮ ಕೇಬಲ್‌ನಲ್ಲಿ ಬಂದದ್ದು 83.4, 91.2 ಅನ್ನುವಂಥ ಅನಾಥ ನಂಬರ್‌ಗಳು. ಕೆಲವಕ್ಕೆ ಹೆಸರೇ ಇಲ್ಲ. ಕೆಲವು ನಂಬರ್‌ಗಳಲ್ಲಿ ಚಿತ್ರವೂ ಇಲ್ಲ, ಧ್ವನಿಯೂ ಇಲ್ಲ. ಇನ್ನು ಕೆಲವಕ್ಕೆ 'ಎನ್‌ಕ್ರಿಪ್ಟೆಡ್' ಎಂಬ ಗುರುತು. ಬೀಗ ಹಾಕಿದ್ದರ ಗೊಡವೆಗೆ ನಾನು ಹೋಗಲಿಲ್ಲ, ಪಟ್ಟಿಯಿಂದ ತೆಗೆದೆ. ಉಳಿದ ಒಂದೊಂದನ್ನೂ ಕಂಪ್ಯೂಟರ್‌ನ ವಿಡಿಯೊ ಪ್ಲೇಯರ್ ವಿಎಲ್‌ಸಿಯಲ್ಲಿ ತೆರೆದು, ಮೂಲೆಯ ಲೋಗೋ ನೋಡಿ, ಹೆಸರು ಬರೆದುಕೊಂಡೆ. ಬೇಸರದ ಕೆಲಸ ನಿಜ. ಆದರೆ ಇದನ್ನು ಮಾಡದೆ ಕಾರ್ಯಕ್ರಮದ ವೇಳಾಪಟ್ಟಿ ಕೂಡಿಸಲು ಆಗುವುದಿಲ್ಲ. ವೇಳಾಪಟ್ಟಿ ಇಲ್ಲದೆ ರೆಕಾರ್ಡಿಂಗ್ ಇಟ್ಟು ಏನು ಪ್ರಯೋಜನ, ಅಲ್ವಾ?

ಚಿತ್ರ ಚೌಕ ಚೌಕವಾಗಿ ಒಡೆದರೆ ಟ್ಯೂನರ್‌ನ ಪುಟದಲ್ಲಿ ಮೂರು ಅಂಕಿ ನೋಡಬೇಕು: ಸಿಗ್ನಲ್ ಬಲ, ಸಿಗ್ನಲ್ ಗುಣಮಟ್ಟ, ಸಿಂಬಲ್ ಗುಣಮಟ್ಟ (ಡೇಟಾ ತಪ್ಪಿಲ್ಲದೆ ಬರುತ್ತಿದೆಯೇ ಎಂಬುದರ ಅಳತೆ). ಕೊನೆಯದು ಯಾವಾಗಲೂ 100 ಇರಬೇಕು. ಬಲ ಕಡಿಮೆ ಎಂದು ಸುಮ್ನೆ ಆಂಪ್ಲಿಫೈಯರ್ (ಸಿಗ್ನಲ್ ಬಲ ಹೆಚ್ಚಿಸುವ ಡಬ್ಬಿ) ಹಾಕಬೇಡಿ. ಸಿಗ್ನಲ್ ಜಾಸ್ತಿಯಾದರೂ ಚಿತ್ರ ಒಡೆಯುತ್ತದೆ, ಕಟ್ಟಡದ ಆಂಪ್ಲಿಫೈಯರ್ ಹತ್ತಿರದ ಮನೆಗಳಲ್ಲಿ ಹಾಗಾಗಬಹುದು. ನಮ್ಮಲ್ಲಿ ಮೇಲಿನ ಫ್ರೀಕ್ವೆನ್ಸಿಯ ಚಾನೆಲ್‌ಗಳು ಮಾತ್ರ ಒಡೆಯುತ್ತಿದ್ದವು. ವೈರ್ ಅಥವಾ ಸ್ಪ್ಲಿಟರ್ (ಒಂದು ವೈರನ್ನು ಕವಲಾಗಿಸುವ ಬಿಡಿಭಾಗ) ಕೆಟ್ಟಾಗ ಮೊದಲು ಸೊರಗುವುದು ಅವೇ. ಗೋಡೆಯ ಪ್ಲೇಟ್ ಬಿಚ್ಚಿದರೆ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಸ್ಪ್ಲಿಟರ್ ಒಳಗೆ ಕೂತಿತ್ತು. ಎರಡು ಕವಲಿನ ಸ್ಪ್ಲಿಟರ್ ಚೆನ್ನಾಗಿದ್ದರೂ ಒಂದೊಂದು ಕವಲಿಗೆ ಸುಮಾರು 3.5 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಏರಿಳಿತದ ಅಳತೆ) ನುಂಗುತ್ತದೆ. ಅದನ್ನು ತೆಗೆದು ನೇರವಾಗಿ ಆರ್‌ಜಿ-6 ಎಂಬ ಕೋಆಕ್ಸ್ ವೈರ್ ಹಾಕಿದ ಮೇಲೆ ಎಲ್ಲ ಸರಿಯಾಯಿತು.

ಎಚ್‌ಡಿ ಚಾನೆಲ್‌ಗಳು ಇಲ್ಲಿ ಎಂಪೆಗ್-2 ಎಂಬ ಹಳೆಯ ವಿಡಿಯೊ ಸಂಕೋಚನ ವಿಧಾನದಲ್ಲೇ ಬರುತ್ತವೆ, ದಪ್ಪ ಫೈಲುಗಳು. ಸೆಕೆಂಡಿಗೆ 15 ಮೆಗಾಬಿಟ್ ಎಂದಿಟ್ಟುಕೊಂಡರೆ ಗಂಟೆಗೆ ಏಳು ಜಿಬಿ ಹತ್ತಿರ. ಹಾರ್ಡ್‌ಡಿಸ್ಕ್ ದೊಡ್ಡದೇ ಇರಲಿ. ಮಲಗುವ ಕೋಣೆಯ ಟಿವಿಗೆ ವೈಫೈ ಸಾಕಾಗಲಿಲ್ಲ, ವೈರ್ ಎಳೆದೆ.

ಊರಿನ ಗೆಳೆಯರು ಕೇಳುತ್ತಾರೆ, ನಮ್ಮಲ್ಲೂ ಹೀಗೆ ಮಾಡಬಹುದಾ ಅಂತ. ಬೆಂಗಳೂರು, ಮೈಸೂರಿನ ಕೇಬಲ್ 2013ರಿಂದ ಸೆಟ್‌ಟಾಪ್ ಬಾಕ್ಸ್‌ಗೆ ಬದಲಾಗಿದೆ, ಎನ್‌ಕ್ರಿಪ್ಟ್ ಆಗಿದೆ. ಅಮೆರಿಕದ ಈ ಡಬ್ಬಿ ಅಲ್ಲಿಗೆ ತರಬೇಡಿ. ಪುಕ್ಕಟೆ ಚಾನೆಲ್ ಬೇಕಿದ್ದರೆ ಅಲ್ಲಿ ದೂರದರ್ಶನದ ಉಚಿತ ಡಿಶ್ ಸೇವೆ ಡಿಡಿ ಫ್ರೀ ಡಿಶ್ ಇದೆ, ಚಂದನವೂ ಸಿಗುತ್ತದೆ. ನನ್ನ ಪಟ್ಟಿಯಲ್ಲಿ ಕನ್ನಡ ಚಾನೆಲ್ ಒಂದೂ ಇಲ್ಲ.